ಹದಿನೇಳನೇ ತಪ್ಪು

ಬೆಟಗೇರಿಯಾಗ ದಾವಲಸಾಬರ ಟಿವಿ ರಿಪೇರಿ ಅಂಗಡಿ.
ಎಂಬತ್ತೇಳರ ಬ್ಯಾಸಗಿ, ನಾ ಸೋಲ್ಡರ್ ಹಿಡಿಯೋ ಹುಡುಗ.
ಯಾರದರ ಸೆಟ್ಟು ಶನಿವಾರಕ್ಕ ರಿಪೇರಿ ಆತಂದ್ರೂ
ಆದಿತವಾರ ಮಧ್ಯಾಹ್ನದ ಮಟ ವಾಪಸ್ ಹೋಗ್ತಿರಲಿಲ್ಲ.
‘ಟೆಸ್ಟಿಂಗ್ ನಡದೈತ್ರಿ’ ಅಂತಿದ್ರು ಉಸ್ತಾದರು.
ಟೆಸ್ಟಿಂಗ್ ಅಂದ್ರ
ಹನ್ನೊಂದಕ್ಕ ಬರೋ ಕುದುರಿ ಧಾರಾವಾಹಿ:
ಧೂಳು, ಟೊಪಗಿ, ಪಿಸ್ತೂಲು, ಹಲ್ಲಾಗ ಅಗದು ಉಗುಳೋ ಇಂಗ್ಲೀಷು.

ಮೂರು ಸೆಟ್ಟು ಒಮ್ಮೆಗೇ ಹಚ್ಚತಿದ್ವಿ.
ಒಂದರಾಗ ಷೆರೀಫ ಕರಿಬಿಳಿ,
ಒಂದರಾಗ ಅರಿಷಿಣ, ಕಾಮಾಲಿ ಆದವರಂಗ,
ಮೂರನೇದರಾಗ ಬರೇ ದನಿ.

ತುಳಜಾಬಾಯಿ ಬಾಕಳೆ ಮಗ್ಗ ಬಿಟ್ಟು ಎದ್ದು ಬರ್ತಿದ್ಲು,
ಸೆರಗಿನ ತುಂಬ ಹತ್ತಿಯ ನವಿರು.
ಮಾತು ತಿಳಿಯೋ ಹಂಗಿಲ್ಲ, ತಿಳೀಬೇಕಂತಲೂ ಇಲ್ಲ.
ಗೋಮಿ ದಡಿಯಾಗ ಒಂದ ಎಳಿ ಜರದ್ರ
ಬಾಗಲದಾಗ ನಿಂತ ಹಿಡಿಯೋ ಕಣ್ಣು ಅದು.

‘ಲೇ ಹುಡುಗಾ, ಆ ಕುದುರಿ ನೋಡಿದಿ?
ಹಳ್ಳಕ್ಕ ಇಳಿಯೂಮುಂದ ಎಡಗಾಲು ಬಿಳೇದು,
ಏರೂಮುಂದ ಬಲಗಾಲು.
ನೀರಾಗ ಏನ್ ಕಾಲು ಬದಲಿ ಕೊಡ್ತಾರೇನು?’

ಬಿಲ್ ಬುಕ್ಕಿನ ಹಿಂಬದಿಗೆ ಬರಕೊಂಡೆ. ಒಂದು.

ಆಮ್ಯಾಲ ತಡೀಲಿಲ್ಲ.
ಆರು ಗುಂಡಿನ ಪಿಸ್ತೂಲು ಹನ್ನೊಂದು ಸಲ ಹಾರಿತು.
ಅರ್ಧ ಕುಡದ ಗ್ಲಾಸು ತಾನಾಗೇ ತುಂಬಿತು.
ಬೆನ್ನಟ್ಟಿ ಹೋಗೂಮುಂದ ಅದ ಬಂಡಿಗಲ್ಲು ನಾಕು ಸಲ ದಾಟಿತು,
‘ಇವ್ರು ಊರ ಬಿಟ್ಟು ಹೋಗಿಲ್ಲ ಬಿಡು,
ಹೊಂಡದ ಸುತ್ತ ತಿರಗ್ಯಾಡಾಕ ಹತ್ಯಾರ.’
ಗುಡ್ಡದ ಹಿಂದ ಒಂದು ಲೈಟಿನ ಕಂಬ.
ಉಸ್ತಾದರು ನಗತಿದ್ರು: ಆ ಊರೆಲ್ಲಾ ಪ್ಲೈವುಡ್ಡು,
ಬಾಗಲಾ ತಗದ್ರ ಹಿಂದ ಬರೇ ಬಯಲು.
ಎರಡು ತೆಂಗಿನ ಚಿಪ್ಪು ಟೇಬಲ್ಲಿಗೆ ಬಡದು ತೋರಿಸಿದ್ರು
ಕುದುರಿ ಹೆಂಗ ಓಡತೈತಿ ಅಂತ.
ಮೂರನೇ ಸೆಟ್ಟು ಅವತ್ತ ಅರ್ಥ ಆತು ನನಗ.

ಹದಿನೇಳನೇದು, ಒಬ್ಬ ಸತ್ತವ.
ಮೂರನೇ ವಾರ ಸಲೂನಿನ ಮೆಟ್ಟಲ ಮ್ಯಾಲ ಬಿದ್ದಾವ,
ಹುಬ್ಬಿನ ಮ್ಯಾಲ ಗಾಯದ ಕಲಿ,
ಏಳನೇ ವಾರ ಹಾಲಿನ ಗಾಡಿ ಹೊಡಕೊಂಡು ಬಂದ.
ಹತ್ತನೇ ವಾರ ಮತ್ತ ಸತ್ತ.
ಸತ್ತಾಗೂ ಹೊಟ್ಟಿ ಏರಿಳೀತಿತ್ತು.

ದಿಲ್ಲಿಗೆ ಕಾಗದ ಬರದ್ವಿ, ಮೂವತ್ತೊಂದು ತಪ್ಪು.
ನಾ ಓದಿ ಹೇಳಾಕ ಹತ್ತಿದೆ. ಹದಿನೇಳಕ್ಕ ತಡದ್ಲು.
‘ಅದನ್ನ ಹೊಡದು ಹಾಕು.’
ಯಾಕಬೇ, ಅದು ಎಲ್ಲಾದಕ್ಕಿಂತ ದೊಡ್ಡ ತಪ್ಪು.
‘ಸಾಯೂದಕ್ಕ ಒಂದು ಕೂಲಿ,
ಹಾಲು ಹಾಕೂದಕ್ಕ ಒಂದು ಕೂಲಿ.
ನಾವು ತೋರಿಸಿದ್ರ ಅವಂದ ಮುರಕೊಂತಾರ.’

ಸಾವ್ಕಾರ ಆಕಿ ಸೀರಿ ಬೆಳಕಿಗೆ ಹಿಡಿಯೂದು
ನಾ ಒಮ್ಮೆ ನೋಡಿದ್ದೆ.
ಒಂದು ಎಳಿಗೆ ಎರಡು ರೂಪಾಯಿ.
ಹೊಡದು ಹಾಕಿದೆ.

ಎರಡು ತಿಂಗಳಿಗೆ ಅಚ್ಚು ಹಾಕಿದ ಕಾರ್ಡು ಬಂತು.
ಪತ್ರ ಮುಟ್ಟೇತಿ, ಧನ್ಯವಾದ, ಒಂದು ಸಿಕ್ಕಾ.
ಗದಗ ಗುಡಗಾಂವ ಆಗಿ,
ಅಲ್ಲಿಂದ ತಿರುಗಿ ಬಂದ ಕಾರ್ಡು.
ಬಾಯಿ ಹೋಗಿ ಭಾಯಿ: ‘ಶ್ರೀಮಾನ್ ತುಳಜಾಭಾಯಿ.’
ಓದಿ ಹೇಳೂದಕ್ಕ ಆಕಿ ಮಾರಿ ಮುಚಕೊಂಡು ನಕ್ಕಳು,
ನಕ್ಕು ಕೆಮ್ಮು ಬಂತು, ನೀರು ಕೊಟ್ವಿ.
‘ಹದಿನೇಳು ಖಾಲಿ ಐತೆಲ್ಲಾ,
ಅಲ್ಲಿ ಇದನ್ನ ಬರಿ.’

ಇನ್ನೊಂದು ಬಿಟ್ಟೆ.
ಷೆರೀಫನ ತೋಳು ಸರದಾಗ ಒಂದು ವಾಚು ಮಿಂಚಿತ್ತು,
ನೂರು ವರ್ಷ ಮೊದಲ ಕಟಗೊಂಡ ಸ್ಟೀಲಿನ ವಾಚು.
ಎಷ್ಟಾಗಿತ್ತಬೇ ಅಂದ್ರು ಉಸ್ತಾದರು.
‘ಹನ್ನೊಂದೂ ಇಪ್ಪತ್ತು’ ಅಂದ್ಲು, ರೆಪ್ಪಿ ಬಡೀದ.
ಅಂಗಡಿ ಗಡಿಯಾರ ರಮಜಾನಿನಿಂದ ನಿಂತಿತ್ತು.
ಉಸ್ತಾದರು ಸ್ಟೂಲು ಹತ್ತಿ
ಮುಳ್ಳು ತಿರುವಿ, ಕೀಲಿ ಕೊಟ್ರು.
ಬಾಗಲದಾಗ ನಿಂತಾವ್ರೂ ತಮ್ಮ ತಮ್ಮ ವಾಚು
ಸರಿ ಮಾಡಿಕೊಂಡ್ರು.